ಮಳೆಗಾಲಕ್ಕೆ ಮುಂಚೆ ಹಳೆ ಜೀಪಿಗೆ ಮನೆ ಅಂಗಳದಲ್ಲೇ ಮಾಡಬೇಕಾದ ಕೆಲಸಗಳು

ಫೋರ್ ವೀಲ್ ಜೀಪ್ ತಗೊಂಡ ಕೂಡಲೇ ಎಲ್ಲರ ಕಣ್ಣೂ ದೊಡ್ಡ ಟಯರ್, ಲಿಫ್ಟ್ ಕಿಟ್, ವಿಂಚ್, ಲೈಟ್ ಬಾರ್ ಕಡೆಗೇ ಹೋಗುತ್ತದೆ. ಮಂಗಳೂರು, ಉಡುಪಿ ಕಡೆ ಗಾಡಿ ಇಟ್ಟುಕೊಂಡವರಿಗೆ ನಾನು ಹೇಳುವುದು ಬೇರೆ. ನಮ್ಮಲ್ಲಿ ಜೀಪ್ ತಿನ್ನುವುದು ಬಂಡೆಯಲ್ಲ, ನೀರು ಮತ್ತು ಉಪ್ಪು. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ, ಆಗುಂಬೆ ಹತ್ತಿದರೆ ಅದರ ಎರಡು ಪಟ್ಟು ಹತ್ತಿರ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ಕಡಲಿನ ಉಪ್ಪು ಗಾಳಿ ಗಾಡಿಯ ಅಡಿಯ ಚೌಕಟ್ಟಾದ ಚಾಸಿಯ ಸಂದಿ ಸಂದಿಗೆ ಹೊಕ್ಕುತ್ತದೆ. ಹಾಗಾಗಿ ಕೈಯಲ್ಲಿರುವ ಮೊದಲ ದುಡ್ಡು, ಮೊದಲ ರಜೆ ಎರಡೂ ನೀರು ಒಳಗೆ ಹೋಗದ ಹಾಗೆ ಮಾಡಲು ಖರ್ಚಾಗಲಿ. ದೊಡ್ಡ ಟಯರ್ ಮುಂದಿನ ವರ್ಷವೂ ಸಿಗುತ್ತದೆ, ತುಕ್ಕು ಹಿಡಿದು ತೂತಾದ ಚಾಸಿ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಇಲ್ಲಿ ಬರೆದಿರುವುದು ಹೆಚ್ಚಾಗಿ ಮಹೀಂದ್ರಾದ ಹಳೆ ಜೀಪ್‌ಗಳಿಗೆ, ಎಂಎಂ 540, ಮೇಜರ್ ಇಂಥವಕ್ಕೆ. ಜಿಪ್ಸಿ ಇದ್ದವರಿಗೂ ಕ್ರಮ ಇದೇ, ಭಾಗಗಳ ಅಳತೆ ಮತ್ತು ಜೋಡಣೆ ಬೇರೆ. ಹೊಸ ಥಾರ್ ಅಥವಾ ಜಿಮ್ನಿ ವಾರಂಟಿಯಲ್ಲಿ ಇದ್ದರೆ ತೊಳೆಯುವ ಮತ್ತು ತುಕ್ಕಿನ ಭಾಗ ಓದಿಕೊಳ್ಳಿ, ಉಳಿದದ್ದಕ್ಕೆ ಈಗಲೇ ಸ್ಪ್ಯಾನರ್ ಹಿಡಿಯಬೇಡಿ. ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಒಂದು ಹುಡುಕಿ ಇಟ್ಟುಕೊಳ್ಳಿ. ನಾನು ಹೇಳುವ ಅಳತೆಗೂ ಅದರಲ್ಲಿರುವ ಅಳತೆಗೂ ವ್ಯತ್ಯಾಸ ಕಂಡರೆ ಮ್ಯಾನ್ಯುಯಲ್ ಹೇಳಿದ ಹಾಗೆಯೇ ಮಾಡಿ.

ಏಪ್ರಿಲ್‌ನಲ್ಲೇ ಶುರು ಮಾಡಿ, ಮೇ ಮಧ್ಯದೊಳಗೆ ಮುಗಿಸಿ. ಆಮೇಲೆ ಸಂಜೆ ಗುಡುಗು ಮಳೆ ಶುರುವಾಗುತ್ತದೆ, ಗಾಳಿಯಲ್ಲಿ ತೇವ ಏರುತ್ತದೆ, ಬಳಿದ ಪೇಂಟ್ ಒಣಗುವುದಿಲ್ಲ.

ಗಾಡಿ ಎತ್ತುವಾಗ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ನಮ್ಮ ಊರಿನ ಅಂಗಳದಲ್ಲಿ ಕಣ್ಣಿಗೆ ಬೀಳುವ ಮೊದಲ ಆಸರೆ ಕೆಂಪುಕಲ್ಲು, ಅಂದರೆ ಮುರಕಲ್ಲು. ಮನೆ ಕಟ್ಟಿ ಉಳಿದ ಒಂದೆರಡು ಕಲ್ಲು ಮೂಲೆಯಲ್ಲಿ ಬಿದ್ದಿರುತ್ತದೆ, ಚೌಕವಾಗಿದೆ, ಎತ್ತರವೂ ಸರಿಯಾಗಿದೆ. ಅದನ್ನು ಆಕ್ಸಲ್ (ಎಡ ಬಲ ಚಕ್ರಗಳ ನಡುವಿನ ಅಡ್ಡ ದಂಡ) ಅಡಿಗೆ ಕೊಡಲೇಬೇಡಿ. ಮುರಕಲ್ಲು ಗೋಡೆಯಲ್ಲಿ ಭಾರ ಹೊರುತ್ತದೆ, ಏಕೆಂದರೆ ಅಲ್ಲಿ ಭಾರ ಕಲ್ಲಿನ ಪೂರ್ತಿ ಅಗಲದ ಮೇಲೆ ಹರಡಿರುತ್ತದೆ. ಆಕ್ಸಲ್ ಕೂರುವುದು ಎರಡು ಬೆರಳಗಲದ ಜಾಗದ ಮೇಲೆ. ಒಳಗೆ ತೂತು ತೂತಾಗಿರುವ ಕಲ್ಲು ಅದು, ಮುನ್ಸೂಚನೆ ಕೊಡದೆ ಸೀಳುತ್ತದೆ. ಸಿಮೆಂಟ್ ಬ್ಲಾಕ್‌ಗೂ ಇದೇ ಮಾತು.

ಒಂದು ಜೊತೆ ಆಕ್ಸಲ್ ಸ್ಟ್ಯಾಂಡ್ ಖರೀದಿಸಿ. ನೆಲ ಮಣ್ಣಿನದ್ದಾದರೆ ಜಾಕಿಯ ಅಡಿಗೂ ಸ್ಟ್ಯಾಂಡಿನ ಅಡಿಗೂ ದಪ್ಪ ಹಲಗೆ ಹಾಕಿ. ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಹ್ಯಾಂಡ್‌ಬ್ರೇಕ್ ನಂಬಿ ಕೂರಬೇಡಿ. ಕೆಲವು ಹಳೆ ಜೀಪ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಆಕ್ಸಲ್‌ಗೆ ಎಂಜಿನ್‌ನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು. ಅಂಥ ಗಾಡಿಯಲ್ಲಿ ಹಿಂದಿನ ಒಂದು ಚಕ್ರ ನೆಲ ಬಿಟ್ಟಿತೆಂದರೆ ಇನ್ನೊಂದು ಚಕ್ರವೂ ಉರುಳಬಹುದು. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಗಾಡಿಯನ್ನು ಬದಿಯಿಂದ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಅಡಿಗೆ ಹೋಗಿ.

ತೊಳೆದು, ತಟ್ಟಿ ನೋಡುವುದು

ಮೊದಲ ಕೆಲಸ ನೀರಿನದ್ದೇ. ಚಾಸಿಯ ಉದ್ದನೆಯ ಎರಡು ಕಂಬಿಗಳು ಒಳಗೆ ಟೊಳ್ಳಾಗಿದ್ದರೆ ಅವುಗಳಲ್ಲಿ ಅಲ್ಲಲ್ಲಿ ತೂತುಗಳಿರುತ್ತವೆ. ಪೈಪ್‌ನ ತುದಿಯನ್ನು ಆ ತೂತಿನೊಳಗೆ ತೂರಿಸಿ ನೀರು ಬಿಡಿ. ಚಾರ್ಮಾಡಿ ಕಡೆಯ ಕೆಸರು, ಸೀತಾನದಿ ದಂಡೆಯ ಮರಳು ಎಲ್ಲ ಒಟ್ಟಿಗೆ ಹೊರಬರುತ್ತದೆ. ಮೊದಲು ಕೆಂಪು ನೀರು, ಆಮೇಲೆ ತುಕ್ಕಿನ ಚಕ್ಕೆ, ಕೊನೆಗೆ ತಿಳಿ ನೀರು. ತಿಳಿ ನೀರು ಬರುವ ತನಕ ನಿಲ್ಲಿಸಬೇಡಿ. ಕೆಳಗಿನ ತೂತುಗಳು ಮುಚ್ಚಿದ್ದರೆ ತಂತಿ ಹಾಕಿ ಬಿಡಿಸಿ, ಏಕೆಂದರೆ ಒಳಗೆ ಕೂತ ಒದ್ದೆ ಮಣ್ಣು ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ, ಚಾಸಿ ಒಳಗಿನಿಂದ ತೂತಾಗುವುದು ಹಾಗೆಯೇ.

ಎರಡು ದಿನ ಬಿಸಿಲಿಗೆ ನಿಲ್ಲಿಸಿ. ಆಮೇಲೆ ಸಣ್ಣ ಸುತ್ತಿಗೆ ಹಿಡಿದು ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಠಣ್ ಎನ್ನುತ್ತದೆ. ತುಕ್ಕು ತಿಂದ ಜಾಗದಲ್ಲಿ ಸದ್ದು ಸತ್ತು ಹೋಗಿರುತ್ತದೆ, ಅಲ್ಲಿ ಹಳೆ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಒಳಗೆ ಇಳಿದರೆ ಅದು ಪೇಂಟ್ ಬಳಿದು ಸರಿಯಾಗುವ ಕೆಲಸವಲ್ಲ. ಮುಖ್ಯವಾಗಿ ಲೀಫ್ ಸ್ಪ್ರಿಂಗ್‌ನ ಪಿನ್ ಮತ್ತು ಶಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಕೂರುವ ಬ್ರಾಕೆಟ್‌ಗಳ ಸುತ್ತ, ಸ್ಟೀರಿಂಗ್ ಬಾಕ್ಸ್ ಕೂತ ಜಾಗದ ಸುತ್ತ ಹೀಗಾಗಿದ್ದರೆ ನೇರ ಒಳ್ಳೆಯ ವೆಲ್ಡರ್ ಹತ್ತಿರ ಹೋಗಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಸಿ.

ಮೇಲ್ಮೈ ತುಕ್ಕು ಮಾತ್ರ ಇದ್ದರೆ ನೀವೇ ಮಾಡಬಹುದು. ವಯರ್ ಬ್ರಷ್‌ನಿಂದ ಸಡಿಲ ತುಕ್ಕು ಪೂರ್ತಿ ತೆಗೆಯಿರಿ, ಕನ್ನಡಕ ಹಾಕಿಕೊಳ್ಳಿ. ರಸ್ಟ್ ಕನ್ವರ್ಟರ್ ಬಳಿದು ಅದು ಕಪ್ಪಾಗಿ ಒಣಗುವವರೆಗೆ ಬಿಡಿ. ಅದರ ಮೇಲೆ ಆ ಡಬ್ಬಿಯಲ್ಲಿ ಹೇಳಿದ ಪ್ರೈಮರ್, ಮತ್ತೆ ಎರಡು ಕೋಟ್ ಎಪಾಕ್ಸಿ ಅಥವಾ ಚಾಸಿ ಪೇಂಟ್. ಕಂಬಿಯ ಒಳಭಾಗಕ್ಕೆ ಪೇಂಟ್ ತಲುಪುವುದಿಲ್ಲ, ಅಲ್ಲಿಗೆ ಉದ್ದ ನಳಿಗೆಯ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಹೊಡೆಯಿರಿ. ದಪ್ಪ ರಬ್ಬರ್ ಕೋಟಿಂಗನ್ನು ತುಕ್ಕಿನ ಮೇಲೆ ಹಾಗೇ ಹೊಡೆಸುವುದು ನನಗೆ ಒಪ್ಪಿಗೆಯಿಲ್ಲ. ಹೊರಗೆ ಕಪ್ಪಗೆ ಮಿಂಚುತ್ತದೆ, ಒಳಗೆ ನೀರು ಸಿಕ್ಕಿಹಾಕಿಕೊಂಡು ತುಕ್ಕು ಬೆಳೆಯುತ್ತಲೇ ಇರುತ್ತದೆ, ನಿಮಗೆ ಕಾಣುವುದೂ ಇಲ್ಲ. ಹಳೆ ಎಂಜಿನ್ ಆಯಿಲ್ ಹೊಡೆಯುವ ಪದ್ಧತಿಯೂ ಬೇಡ. ರಬ್ಬರ್ ಬುಶ್ ಮೆತ್ತಗಾಗುತ್ತದೆ, ಧೂಳು ಹಿಡಿಯುತ್ತದೆ, ಉಳಿದದ್ದು ಅಂಗಳಕ್ಕೆ ತೊಟ್ಟಿಕ್ಕುತ್ತದೆ.

ಬೋಲ್ಟ್ ಬಗ್ಗೆ ಒಂದು ಮಾತು. ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ದೋಣಿ ಸಾಮಾನಿನ ಅಂಗಡಿಗೆ ಹೋದರೆ ಒಳ್ಳೆಯ ಸ್ಟೀಲ್ ಬೋಲ್ಟ್ ಕೇಳಬಹುದು, 316 ಗ್ರೇಡ್ ಆದರೆ ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ. ನಂಬರ್ ಪ್ಲೇಟ್, ಮಡ್‌ಗಾರ್ಡ್, ಫುಟ್‌ಬೋರ್ಡ್, ಲೈಟ್ ಬ್ರಾಕೆಟ್‌ಗಳಿಗೆ ಇದೇ ಹಾಕಿ. ಆದರೆ ಸ್ಟೀರಿಂಗ್, ಬ್ರೇಕ್, ಸ್ಪ್ರಿಂಗ್‌ನ ಯು ಬೋಲ್ಟ್ ಜಾಗಕ್ಕೆ ಸ್ಟೇನ್‌ಲೆಸ್ ಹಾಕಬೇಡಿ. ತುಕ್ಕು ಹಿಡಿಯದು ನಿಜ, ಆದರೆ ಅಲ್ಲಿಗೆ ಕಂಪನಿ ಕೊಡುವ 8.8 ಅಥವಾ 10.9 ಗ್ರೇಡಿನ ಬೋಲ್ಟ್‌ನಷ್ಟು ಬಲ ಸಾಮಾನ್ಯ ಸ್ಟೇನ್‌ಲೆಸ್‌ಗೆ ಇರುವುದಿಲ್ಲ.

ಬ್ರೀದರ್ ಮೇಲಕ್ಕೆ ತರುವುದು

ನನ್ನನ್ನು ಕೇಳಿದರೆ ನಮ್ಮ ಕರಾವಳಿಯ ಜೀಪಿಗೆ ಮಾಡಬಹುದಾದ ಅತಿ ಒಳ್ಳೆಯ ಮಾಡಿಫಿಕೇಶನ್ ಇದೇ. ಖರ್ಚು ಕಡಿಮೆ, ಹೊರಗೆ ಕಾಣುವುದೂ ಇಲ್ಲ, ಆದ್ದರಿಂದ ಮಾಡುವವರೂ ಕಡಿಮೆ.

ಎರಡೂ ಚಕ್ರಗಳಿಗೆ ಬಲ ಹಂಚುವ ಆಕ್ಸಲ್‌ನ ಗೇರ್ ಜೋಡಣೆಯೇ ಡಿಫರೆನ್ಷಿಯಲ್, ಅದರ ಹೌಸಿಂಗ್ ಒಳಗೆ ಎಣ್ಣೆಯ ಮೇಲೆ ಗಾಳಿ ಇರುತ್ತದೆ. ಘಾಟಿ ಹತ್ತಿ ಇಳಿಯುವಾಗ ಅದು ಕಾದು ಹಿಗ್ಗುತ್ತದೆ, ಹೌಸಿಂಗ್ ಮೇಲಿರುವ ಪುಟ್ಟ ಗಾಳಿಕಿಂಡಿ, ಅಂದರೆ ಬ್ರೀದರ್ ಮೂಲಕ ಹೊರಗೆ ಹೋಗುತ್ತದೆ. ಅದೇ ಬಿಸಿ ಆಕ್ಸಲನ್ನು ತಣ್ಣನೆಯ ಹೊಳೆಗೆ ಇಳಿಸಿದರೆ? ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಹೊರಗಿನದ್ದನ್ನು ಎಳೆದುಕೊಳ್ಳುತ್ತದೆ. ಹೊರಗೆ ಆಗ ಇರುವುದು ನೀರು. ಬ್ರೀದರ್‌ನಿಂದಲೋ ಸೀಲ್ ಅಂಚಿನಿಂದಲೋ ಆ ನೀರು ಒಳಗೆ ಸೇರುತ್ತದೆ. ಸ್ವಲ್ಪ ದಿನದಲ್ಲಿ ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಕ್ರೌನ್ ಪಿನಿಯನ್ ಮತ್ತು ಬೇರಿಂಗ್‌ಗಳಿಗೆ ತುಕ್ಕು ಹತ್ತುತ್ತದೆ.

ಇನ್ನೊಂದು ತೊಂದರೆ ಇದಕ್ಕೆ ಉಲ್ಟಾ. ಉಪ್ಪು, ಕೆಸರು ಸೇರಿ ಬ್ರೀದರ್ ಕಟ್ಟಿಹೋದರೆ ಬಿಸಿ ಗಾಳಿಗೆ ದಾರಿ ಇಲ್ಲ, ಒತ್ತಡ ಏರಿ ಸೀಲ್ ಮೂಲಕ ಎಣ್ಣೆ ಹೊರಗೆ ಬರುತ್ತದೆ. ಸೀಲ್ ಎಷ್ಟು ಸಲ ಬದಲಿಸಿದರೂ ಲೀಕ್ ನಿಲ್ಲುತ್ತಿಲ್ಲ ಎನ್ನುವವರು ಮೊದಲು ಬ್ರೀದರ್ ನೋಡಿ.

ಕೆಲಸದ ಕ್ರಮ ಹೀಗೆ. ಆಕ್ಸಲ್ ಟ್ಯೂಬ್‌ನ ಮೇಲ್ಭಾಗದಲ್ಲಿ, ಡಿಫರೆನ್ಷಿಯಲ್‌ನ ಪಕ್ಕ ಎಲ್ಲೋ, ಸಣ್ಣ ಟೋಪಿ ಹಾಕಿದ ಹಾಗಿರುವ ಬ್ರೀದರ್ ಸಿಗುತ್ತದೆ. ಕೆಸರಿನಲ್ಲಿ ಮುಚ್ಚಿಹೋಗಿದ್ದರೆ ಬೆರಳಾಡಿಸಿ ಹುಡುಕಿ. ಬಿಚ್ಚುವ ಮುಂಚೆ ಸುತ್ತಲೂ ಬ್ರಷ್‌ನಿಂದ ಉಜ್ಜಿ, ಡೀಸೆಲ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಆ ಮಣ್ಣೆಲ್ಲ ನೇರ ಎಣ್ಣೆಗೆ ಬೀಳುತ್ತದೆ. ಬಿಗಿಯಾಗಿದ್ದರೆ ಡಬ್ಲ್ಯೂಡಿ 40 ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೆ ಆಡಿಸುತ್ತಾ ಬಿಡಿಸಿ. ಒಂದೇ ಸಮ ಬಲ ಹಾಕಿದರೆ ಅದು ತುಂಡಾಗಿ ಒಳಗೇ ಉಳಿಯುತ್ತದೆ.

ಬಿಚ್ಚಿದ ಬ್ರೀದರ್ ಕಿಸೆಯಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಅದೇ ಥ್ರೆಡ್ ಇರುವ ಹಿತ್ತಾಳೆಯ ಹೋಸ್ ನಿಪ್ಪಲ್ ಕೇಳಿ. ಥ್ರೆಡ್ ಹೆಸರು ಹೇಳಲು ಹೋಗಬೇಡಿ, ಹಳೆ ಗಾಡಿಯಲ್ಲಿ ಯಾರು ಯಾವಾಗ ಏನು ಬದಲಿಸಿದ್ದಾರೋ ಗೊತ್ತಿರುವುದಿಲ್ಲ, ಅಲ್ವಾ? ಸಿಗದಿದ್ದರೆ ಲೇತ್‌ನವರು ಹಿತ್ತಾಳೆಯಲ್ಲಿ ಮಾಡಿಕೊಡುತ್ತಾರೆ. ನಿಪ್ಪಲ್‌ಗೆ ಹೊಂದುವ ಇಂಧನದ ರಬ್ಬರ್ ಹೋಸ್ ತಗೊಳ್ಳಿ. ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಅಗ್ಗ, ಆದರೆ ಎಣ್ಣೆಗೂ ಬಿಸಿಗೂ ಗಟ್ಟಿಯಾಗಿ ಮಡಚಿಕೊಳ್ಳುತ್ತದೆ. ಉದ್ದವನ್ನು ಅಂದಾಜಿನಲ್ಲಿ ಹೇಳಬೇಡಿ, ಮನೆಯಲ್ಲೇ ದಾರ ಹಿಡಿದು ಅಳೆದು ಹೋಗಿ.

ಮುಂದಿನ ಆಕ್ಸಲ್‌ನ ಹೋಸನ್ನು ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲಂಚಿಗೆ ತನ್ನಿ. ಹಿಂದಿನದ್ದನ್ನು ಬಾಡಿಯ ಬದಿಯಿಂದ ಟೇಲ್ ಲ್ಯಾಂಪ್‌ಗಿಂತ ಮೇಲಕ್ಕೆ. ದಾರಿಯುದ್ದಕ್ಕೂ ಹೋಸ್ ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಆ ತಗ್ಗಿನಲ್ಲಿ ಎಣ್ಣೆ ಅಥವಾ ನೀರು ನಿಂತು ಗಾಳಿಯ ದಾರಿ ಮುಚ್ಚುತ್ತದೆ. ಸೈಲೆನ್ಸರ್‌ನಿಂದ, ಪ್ರೊಪೆಲ್ಲರ್ ಶಾಫ್ಟ್‌ನಿಂದ ದೂರ ಇರಲಿ, ಬ್ರೇಕ್ ಹೋಸ್‌ಗೆ ಟೈ ಹಾಕಿ ಕಟ್ಟಬೇಡಿ. ಆಕ್ಸಲ್ ಪೂರ್ತಿ ಕೆಳಗೆ ಇಳಿದಾಗ ಹೋಸ್ ಎಳೆಯಬಾರದು. ಇದನ್ನು ಪರೀಕ್ಷಿಸಲು ಚಾಸಿಗೆ ಜಾಕಿ ಕೊಟ್ಟು ಎತ್ತಿ, ಚಕ್ರ ನೇತಾಡುವ ಹಾಗೆ ಮಾಡಿ ನೋಡಿ. ಮುಂದಿನದ್ದಕ್ಕೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಿ.

ಮೇಲಿನ ತುದಿಗೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್ ಒಂದನ್ನು ಸಿಕ್ಕಿಸಿ, ಬಾಯಿ ಕೆಳಮುಖವಾಗಿ ಇರಲಿ. ಕೊನೆಗೆ ಊದಿ ನೋಡಿ, ಗಾಳಿ ಸಲೀಸಾಗಿ ಹೋಗಬೇಕು. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್‌ಗೆ (ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಪೆಟ್ಟಿಗೆ) ಬ್ರೀದರ್ ಇದ್ದರೆ ಅವಕ್ಕೂ ಇದೇ ಕೆಲಸ.

ಹೇಗೂ ಅಡಿಯಲ್ಲಿದ್ದೀರಿ, ಗೇರ್ ಆಯಿಲ್ ನೋಡಿಬಿಡಿ. ಗಾಡಿ ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ನೀರು ಎಣ್ಣೆಗಿಂತ ಭಾರ, ಬೇರೆಯಾಗಿ ಉಳಿದದ್ದು ತಳಕ್ಕೆ ಇಳಿದಿರುತ್ತದೆ. ಡ್ರೈನ್ ಪ್ಲಗ್ ಸ್ವಲ್ಪವೇ ಸಡಿಲ ಮಾಡಿ ಮೊದಲ ಹನಿಗಳನ್ನು ಅಂಗೈಗೆ ಹಿಡಿಯಿರಿ. ನೀರು ಬಂದರೆ ಅಥವಾ ಎಣ್ಣೆ ಬೆಳ್ಳಗಾಗಿದ್ದರೆ ಪೂರ್ತಿ ಬದಲಿಸಿ. ಬದಲಿಸುವಾಗ ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ, ಆಮೇಲೆ ಕೆಳಗಿನದ್ದು. ಕೆಳಗಿನದ್ದು ಬಿಚ್ಚಿ ಎಣ್ಣೆ ಖಾಲಿಯಾದ ಮೇಲೆ ಮೇಲಿನ ಪ್ಲಗ್ ಜಗ್ಗದಿದ್ದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಹಳೆ ಎಣ್ಣೆಯನ್ನು ಕ್ಯಾನಿಗೆ ತುಂಬಿಸಿ ಗ್ಯಾರೇಜಿಗೆ ಕೊಡಿ. ನಮ್ಮದು ಮುರಕಲ್ಲಿನ ನೆಲ, ಸುರಿದದ್ದು ಬೇಗ ಇಂಗುತ್ತದೆ, ಪಕ್ಕದಲ್ಲೇ ಬಾವಿ ಇರುತ್ತದೆ.

ಮುಂದಿನ ಹಬ್ ಬೇರಿಂಗ್‌ಗೆ ಗ್ರೀಸ್

ಚಕ್ರ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಅಥವಾ ತಿರುಗಿಸುವಾಗ ಗರಗರ ಸದ್ದು ಬಂದರೆ ಬಿಚ್ಚಲೇಬೇಕು. ಎರಡೂ ಇಲ್ಲದಿದ್ದರೂ ಹೊಳೆ ದಾಟುವ ಗಾಡಿಗೆ ಪ್ರತಿ ಮಳೆಗಾಲದ ಮುಂಚೆ ಬಿಚ್ಚಿ ನೋಡುವುದು ಒಳ್ಳೆಯದು.

ಚಕ್ರ ತೆಗೆಯಿರಿ. ಹಬ್ ಕ್ಯಾಪ್ ಅಥವಾ ಲಾಕಿಂಗ್ ಹಬ್, ಸ್ನ್ಯಾಪ್ ರಿಂಗ್, ಫ್ಲೇಂಜ್, ಇವನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಒಳಗೆ ಎರಡು ದೊಡ್ಡ ನಟ್, ನಡುವೆ ಮಡಚಿದ ಲಾಕ್ ವಾಶರ್ ಇರುತ್ತದೆ. ವಾಶರ್‌ನ ಮಡಿಕೆ ಬಿಡಿಸಿ ನಟ್ ತೆಗೆದರೆ ಹಬ್ ಹೊರಗೆ ಬರುತ್ತದೆ. ಡ್ರಮ್ ಬ್ರೇಕ್ ಇದ್ದು ಹಬ್ ಬರದಿದ್ದರೆ ಬ್ರೇಕ್ ಅಡ್ಜಸ್ಟರ್ ಸಡಿಲ ಮಾಡಿ. ಡಿಸ್ಕ್ ಇದ್ದರೆ ಕ್ಯಾಲಿಪರನ್ನು ತಂತಿಯಲ್ಲಿ ನೇತುಹಾಕಿ, ಅದರ ಭಾರ ಬ್ರೇಕ್ ಹೋಸ್ ಮೇಲೆ ಬೀಳಬಾರದು. ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ಕೆಟ್ಟದ್ದು.

ಬೇರಿಂಗ್‌ಗಳನ್ನು ಡೀಸೆಲ್‌ನಲ್ಲಿ ತೊಳೆದು ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಬೆಳಕಿಗೆ ಹಿಡಿದು ಒಂದೊಂದೇ ರೋಲರ್ ತಿರುಗಿಸಿ ನೋಡಿ. ನುಣುಪಾಗಿ ಹೊಳೆಯುತ್ತಿದ್ದರೆ ಸರಿ. ನೀಲಿ ಛಾಯೆ ಬಂದಿದ್ದರೆ ಕಾದು ಹೋಗಿದೆ. ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆ ಇದ್ದರೆ ನೀರು ಹೊಕ್ಕಿದೆ. ಎರಡಕ್ಕೂ ಹೊಸ ಬೇರಿಂಗೇ ಉತ್ತರ, ಹಬ್ ಒಳಗಿನ ಕಪ್ ಸಮೇತ ಬದಲಿಸಿ.

ಗ್ರೀಸ್ ತುಂಬುವುದಕ್ಕೆ ಕೈಯೇ ಸಾಕು. ಎಡ ಅಂಗೈಯಲ್ಲಿ ಒಂದು ಮುದ್ದೆ ಗ್ರೀಸ್ ಇಟ್ಟುಕೊಂಡು, ಬೇರಿಂಗ್‌ನ ಅಗಲ ಬದಿಯ ಅಂಚನ್ನು ಅದರೊಳಗೆ ಒತ್ತಿ ಒತ್ತಿ ಎಳೆಯಿರಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯಲ್ಲಿ ರೋಲರ್‌ಗಳ ಸಂದಿಯಿಂದ ಗ್ರೀಸ್ ಎಳೆ ಎಳೆಯಾಗಿ ಹೊರಗೆ ಬರುತ್ತದೆ. ಬಂದ ಮೇಲೆ ಬೇರಿಂಗ್ ತಿರುಗಿಸಿ ಮುಂದಿನ ಜಾಗ, ಹೀಗೆ ಸುತ್ತಲೂ. ಸುಮ್ನೆ ಮೇಲೆ ಸವರಿದರೆ ಒಳಗೆ ಹೋಗುವುದಿಲ್ಲ. ನೀರು ತಡೆಯುವ ವೀಲ್ ಬೇರಿಂಗ್ ಗ್ರೀಸ್ ಬಳಸಿ, ಹಳೆಯದರ ಜೊತೆ ಬೆರೆಸಬೇಡಿ, ಕೆಲವು ಗ್ರೀಸ್‌ಗಳು ಒಂದಕ್ಕೊಂದು ಸೇರಿದರೆ ತೆಳ್ಳಗಾಗಿ ಹರಿದುಹೋಗುತ್ತವೆ. ಹಬ್ಬಿನ ಒಳ ಸೀಲ್ ಪ್ರತಿ ಸಲ ಹೊಸದು ಹಾಕಿ, ಅದರ ತುಟಿಗೆ ಸ್ವಲ್ಪ ಗ್ರೀಸ್ ಸವರಿ. ನೀರನ್ನು ನಿಜವಾಗಿ ತಡೆಯುವುದು ಆ ತುಟಿಯೇ.

ಬಿಗಿ ಮಾಡುವುದು ನಾಜೂಕಿನ ಕೆಲಸ. ಹಬ್ ತಿರುಗಿಸುತ್ತಲೇ ಒಳಗಿನ ನಟ್ ಬಿಗಿ ಮಾಡಿ, ಹಬ್ ಹಿಡಿದ ಹಾಗೆ ಆಗುವವರೆಗೆ. ಆಮೇಲೆ ಸುಮಾರು ಆರನೇ ಒಂದು ಸುತ್ತು ಸಡಿಲ ಮಾಡಿ. ಲಾಕ್ ವಾಶರ್ ಹೊಸದು ಹಾಕಿ, ಹೊರಗಿನ ನಟ್ ಬಿಗಿದು, ವಾಶರ್ ಮಡಚಿ. ಈಗ ಹಬ್ ಆಟವಿಲ್ಲದೆ ಸಲೀಸಾಗಿ ತಿರುಗಬೇಕು. ಹೊರಗಿನ ನಟ್ ಬಿಗಿದಾಗ ಹೊಂದಾಣಿಕೆ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಕೊನೆಗೆ ಮತ್ತೊಮ್ಮೆ ನೋಡಲೇಬೇಕು. ಬ್ರೇಕ್ ಸಡಿಲ ಮಾಡಿದ್ದರೆ ಸರಿಮಾಡಿ, ಪೆಡಲ್ ಒತ್ತಿ ನೋಡಿ ಹೊರಡಿ. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ಹಬ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದಿದೆ.

ಅರ್ಥಿಂಗ್ ಮತ್ತು ಹೆಡ್‌ಲೈಟ್

ಮಳೆಯಲ್ಲಿ ಸ್ಟಾರ್ಟ್ ಆಗದ, ಲೈಟ್ ಮಂಕಾಗುವ ಹಳೆ ಜೀಪ್‌ಗಳಲ್ಲಿ ಎಷ್ಟೋ ಸಲ ತೊಂದರೆ ಅರ್ಥಿಂಗ್‌ನದ್ದೇ. ಬ್ಯಾಟರಿಯಿಂದ ಚಾಸಿಗೆ, ಎಂಜಿನ್‌ನಿಂದ ಚಾಸಿಗೆ ಹೋಗುವ ದಪ್ಪ ವಯರ್‌ಗಳ ತುದಿ ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಬಳಿಯಿರಿ.

ಆಮೇಲೆ ಎಂಜಿನ್ ಚಾಲೂ ಇಟ್ಟು, ಹೈ ಬೀಮ್ ಹಾಕಿ, ಮಲ್ಟಿಮೀಟರ್ ಹಿಡಿದು ಬ್ಯಾಟರಿಯ ವೋಲ್ಟೇಜ್ ಮತ್ತು ಬಲ್ಬಿನ ಹಿಂದಿನ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ 14ರ ಆಸುಪಾಸು ಇದ್ದು ಬಲ್ಬಿನಲ್ಲಿ 12ಕ್ಕಿಂತ ಕೆಳಗಿದ್ದರೆ ಹಳೆ ಸ್ವಿಚ್, ಸಣ್ಣ ವಯರ್‌ಗಳಲ್ಲೇ ವೋಲ್ಟೇಜ್ ಕಳೆದುಹೋಗುತ್ತಿದೆ. 60 ವ್ಯಾಟ್‌ನ ಎರಡು ಬಲ್ಬಿಗೆ ಸುಮಾರು 10 ಆಂಪಿಯರ್ ಬೇಕು. ಲೋ ಮತ್ತು ಹೈ ಬೀಮ್‌ಗೆ ಒಂದೊಂದು ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಚಾಲೂ ಮಾಡುವ ಸ್ವಿಚ್) ಹಾಕಿ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ ಮೇಲೆ 30 ಎಂದು ಬರೆದ ಟರ್ಮಿನಲ್‌ಗೆ, 87ರಿಂದ ಬಲ್ಬಿಗೆ, ಎರಡಕ್ಕೂ 2.5 ಚದರ ಮಿ.ಮೀ. ವಯರ್. ಹಳೆ ಸ್ವಿಚ್‌ನ ವಯರ್ 86ಕ್ಕೆ, 85 ಅರ್ಥ್‌ಗೆ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಇಷ್ಟು ಮಾಡಿದರೆ ಶಿರಾಡಿಯ ಮಳೆ ರಾತ್ರಿಗೆ ಕಂಪನಿಯ ಬಲ್ಬೇ ಸಾಕಾಗುತ್ತದೆ, ಎದುರಿನವರ ಕಣ್ಣು ಕುಕ್ಕುವ 100 ವ್ಯಾಟ್ ಬಲ್ಬ್ ಬೇಡ.

ಕೈ ಹಾಕದೆ ಬಿಡಬೇಕಾದವು

ಉದ್ದದ ಶಾಕಲ್ ಹಾಕಿ ಗಾಡಿ ಎತ್ತರಿಸುವುದು ಸುಲಭ ಕಾಣುತ್ತದೆ. ಆದರೆ ಮುಂದಿನ ಆಕ್ಸಲ್‌ನ ಕೋನ ಬದಲಾಗಿ ಸ್ಟೀರಿಂಗ್ ಅಲೆದಾಡುತ್ತದೆ, ಪ್ರೊಪೆಲ್ಲರ್ ಶಾಫ್ಟ್‌ನ ತುದಿಯ ಕೀಲು (ಕ್ರಾಸ್) ಬೇಗ ಸವೆಯುತ್ತದೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಸ್ನಾರ್ಕೆಲ್ ಹಾಕಿದರೆ ಎಂಜಿನ್ ಉಸಿರಾಡುವ ಬಾಯಿ ಮಾತ್ರ ಮೇಲೆ ಹೋಗುತ್ತದೆ, ಬ್ರೀದರ್, ಹಬ್, ಡೈನಮೋ ಎಲ್ಲ ನೀರಲ್ಲೇ ಇರುತ್ತವೆ.

ಮಳೆ ಶುರುವಾದ ಮೇಲೆ

ಬಂಪರ್‌ಗೆ ಮುಟ್ಟುವಷ್ಟು ನೀರಿಗೆ ಇಳಿಯುವ ಮುಂಚೆ ಗಾಡಿ ನಿಲ್ಲಿಸಿ, ಆಕ್ಸಲ್ ತಣಿಯಲು ಸ್ವಲ್ಪ ಹೊತ್ತು ಬಿಡಿ. ಕೆಂಪು ನೀರು ರಭಸವಾಗಿ ಹರಿಯುತ್ತಿದ್ದರೆ, ತಳ ಕಾಣದಿದ್ದರೆ, ಇಳಿಯಲೇಬೇಡಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿ ಹೊರಗೆಳೆದು, ಡೀಸೆಲ್ ಆದರೆ ಇಂಜೆಕ್ಟರ್, ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ತಿರುಗಿಸಿ ನೀರು ತೆಗೆಯಬೇಕು.

ದಾಟಿದ ಮೇಲೆ ನಿಧಾನ ಓಡಿಸುತ್ತಾ ಬ್ರೇಕ್ ಮೆಲ್ಲಗೆ ಒತ್ತಿ ಒಣಗಿಸಿ. ಮನೆಗೆ ಬಂದು ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ, ಕಡಲ ತೀರದ ರಸ್ತೆಯಲ್ಲಿ ಓಡಾಡಿದ್ದರೂ ಹಾಗೆಯೇ. ಮರುದಿನ ಬೆಳಿಗ್ಗೆ ಡ್ರೈನ್ ಪ್ಲಗ್‌ನ ಮೊದಲ ಹನಿ ನೋಡಿ, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳಿಗೆ, ಸ್ಪ್ರಿಂಗ್ ಶಾಕಲ್‌ಗಳಿಗೆ, ಗ್ರೀಸ್ ನಿಪ್ಪಲ್ ಇರುವ ಕಡೆಗೆಲ್ಲ ಗ್ರೀಸ್ ಗನ್ ಹಿಡಿಯಿರಿ. ಹಳೆ ಗ್ರೀಸ್ ಜೊತೆ ನೀರು ಹೊರಬಂದು ಹೊಸ ಗ್ರೀಸ್ ಕಾಣುವವರೆಗೂ ಹೊಡೆಯಿರಿ, ಹೊರಬಂದದ್ದನ್ನು ಒರೆಸಿ ತೆಗೆಯಿರಿ.